ಮೂರು ವರ್ಷಕ್ಕೊಮ್ಮೆ ಅಂದಿದ್ದು ಎಂಟು ವರ್ಷಕ್ಕೆ ಬಂತು

ಏಪ್ರಿಲ್ ಬಂದರೆ ಬೆಂಗಳೂರಿನ ಬಡಾವಣೆಗಳ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದೇ ಮಾತು, ಕಂದಾಯ, ಅಂದರೆ ಮನೆ ಸೈಟಿನ ಆಸ್ತಿ ತೆರಿಗೆ. ಕಟ್ಟಾಯ್ತಾ? ಎಷ್ಟು ಬಂತು? ಸರ್ವರ್ ನಡೀತಿದೆಯಾ? ತಿಂಗಳ ಕೊನೆಯೊಳಗೆ ಇಡೀ ವರ್ಷದ್ದು ಕಟ್ಟಿದರೆ ಶೇ 5 ರಿಯಾಯಿತಿ, ಹಾಗಾಗಿ ಎಲ್ಲರಿಗೂ ಅವಸರ. ಆದರೆ ಆ ಮೊತ್ತ ಎಲ್ಲಿಂದ ಬಂತು, ನಮ್ಮ ಮನೆಗೆ ಇಷ್ಟು ಅಂತ ಯಾರು ಯಾವಾಗ ಲೆಕ್ಕ ಹಾಕಿದರು ಅಂತ ಕೇಳಿದರೆ ಗುಂಪಿನಲ್ಲಿ ಯಾರೂ ಮಾತಾಡುವುದಿಲ್ಲ. ಇಲ್ಲವೇ ಯಾರೋ ಒಬ್ಬರು ಮುಗಿದ ನಮಸ್ಕಾರದ ಕೈ ಕಳಿಸುತ್ತಾರೆ.

ನನಗೆ ಈ ಲೆಕ್ಕದ ಹುಚ್ಚು ಸ್ವಲ್ಪ ಜಾಸ್ತಿ. ಮನೆಯಲ್ಲಿ ಎಲ್ಲರ ಚಲನ್ ತುಂಬುವುದು ನಾನೇ. ಹಾಗೆ ತುಂಬುತ್ತಾ ತುಂಬುತ್ತಾ ನನಗೆ ಗಟ್ಟಿಯಾಗಿ ಅನಿಸಿದ್ದು ಇಷ್ಟು: ನಮ್ಮ ಊರಲ್ಲಿ ಆಸ್ತಿ ತೆರಿಗೆಯ ತಕರಾರೆಲ್ಲ ತೆರಿಗೆ ಜಾಸ್ತಿ ಅನ್ನುವುದರಿಂದ ಹುಟ್ಟಿದ್ದಲ್ಲ. ಆಸ್ತಿಯ ಬೆಲೆಯನ್ನು ಹೊತ್ತುಹೊತ್ತಿಗೆ ನೋಡದೆ ವರ್ಷಗಟ್ಟಲೆ ಹಾಗೇ ಬಿಟ್ಟು, ಒಂದು ದಿನ ಇದ್ದಕ್ಕಿದ್ದಂತೆ ಎಲ್ಲವನ್ನೂ ಒಟ್ಟಿಗೆ ಏರಿಸಲು ಹೋಗುತ್ತಾರಲ್ಲ, ಜನ ಸಿಟ್ಟಾಗುವುದು ಅಲ್ಲಿ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 2000ಕ್ಕೆ ಮುಂಚೆ ಇದ್ದದ್ದು ವಾರ್ಷಿಕ ಬಾಡಿಗೆ ಮೌಲ್ಯದ ಪದ್ಧತಿ. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಅಂತ ಕಂದಾಯದ ಸಿಬ್ಬಂದಿ ಅಂದಾಜು ಮಾಡುತ್ತಿದ್ದರು, ಅದರ ಮೇಲೆ ತೆರಿಗೆ. ಕೇಳಲು ಸರಿಯಾಗಿದೆ. ಆದರೆ ಅಂದಾಜು ಮಾಡುವವರು ಮನುಷ್ಯರು. ಒಬ್ಬರ ಮನೆಗೆ ಒಂದು ಅಂದಾಜು, ಪಕ್ಕದ ಅಂಥದ್ದೇ ಮನೆಗೆ ಇನ್ನೊಂದು. ನಡುವೆ ಏನು ನಡೆಯುತ್ತಿತ್ತು ಅಂತ ಆ ಕಾಲದವರನ್ನು ಕೇಳಿ, ನಗುತ್ತಾರೆ. ಇದರ ಮೇಲೆ ಬಾಡಿಗೆ ನಿಯಂತ್ರಣ ಕಾಯ್ದೆ ಬೇರೆ. ಆ ಕಾಯ್ದೆಯ ಪ್ರಕಾರ ಎಷ್ಟು ಬಾಡಿಗೆ ಪಡೆಯಬಹುದೋ ಅದಕ್ಕಿಂತ ಹೆಚ್ಚು ಅಂತ ಅಂದಾಜು ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ದೆಹಲಿಯ ಒಂದು ಪ್ರಕರಣದಲ್ಲಿ ಹೇಳಿತ್ತು. ಹಾಗಾಗಿ ದೇಶದ ಎಷ್ಟೋ ಊರುಗಳಲ್ಲಿ ಹಳೇ ಪೇಟೆಯ ದೊಡ್ಡ ಕಟ್ಟಡಕ್ಕೆ ಚಿಲ್ಲರೆ ಕಂದಾಯ, ಊರಾಚೆ ಸಾಲ ಮಾಡಿ ಕಟ್ಟಿಸಿದ ಹೊಸ ಮನೆಗೆ ಭಾರೀ ಕಂದಾಯ ಅನ್ನುವ ಸ್ಥಿತಿ ಬಂದಿತ್ತು.

2000ದ ಏಪ್ರಿಲ್‌ನಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆ ಸ್ವಯಂ ಘೋಷಿತ ಆಸ್ತಿ ತೆರಿಗೆ ತಂದಿತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ, ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಅಂತ ಒಂದು ಗುಂಪು ಪಾಲಿಕೆಯ ಜೊತೆ ಓಡಾಡುತ್ತಿದ್ದ ಕಾಲ ಅದು. ಒಂದು ಪುಸ್ತಕ ಕೊಡುತ್ತಿದ್ದರು. ಅದರಲ್ಲಿ ನಿಮ್ಮ ರಸ್ತೆ ಯಾವ ವಲಯಕ್ಕೆ ಬರುತ್ತದೆ ನೋಡಿ, ನಿಮ್ಮ ಮನೆಯ ಚದರಡಿ ಗುಣಿಸಿ, ನೀವೇ ಕಟ್ಟಿ. ಬೇಕಾದವರು ಹೊಸ ಪದ್ಧತಿ ಹಿಡಿಯಬಹುದು, ಬೇಡವಾದವರು ಹಳೆಯದರಲ್ಲೇ ಇರಬಹುದು ಅಂತ ಆಯ್ಕೆಯನ್ನೂ ಕೊಟ್ಟರು. ಜನ ಮುಗಿಬಿದ್ದು ಹೊಸದನ್ನೇ ಹಿಡಿದರು. ಯಾಕೆ ಅಂತ ಹೇಳಬೇಕಿಲ್ಲ. ಮನೆ ಬಾಗಿಲಿಗೆ ಯಾರೂ ಟೇಪು ಹಿಡಿದುಕೊಂಡು ಬರುವುದಿಲ್ಲ ಅನ್ನುವುದೊಂದೇ ಸಾಕಾಗಿತ್ತು.

ಆಮೇಲೆ 2007ರಲ್ಲಿ ಊರು ದೊಡ್ಡದಾಯಿತು. ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಮಾಡಿದರು. ಒಂದೊಂದು ಕಡೆ ಒಂದೊಂದು ಲೆಕ್ಕ ಇದ್ದದ್ದನ್ನು ಒಂದೇ ಮಾಡಬೇಕಿತ್ತು. 2008ರಲ್ಲಿ ಬಂದದ್ದೇ ಯೂನಿಟ್ ಏರಿಯಾ ವ್ಯಾಲ್ಯೂ, ಅಂದರೆ ಚದರಡಿಗೆ ತಿಂಗಳಿಗೆ ಇಷ್ಟು ರೂಪಾಯಿ ಅನ್ನುವ ಪದ್ಧತಿ. ಇವತ್ತಿಗೂ ನಾವು ಕಟ್ಟುತ್ತಿರುವುದು ಇದೇ ಹಾದಿಯಲ್ಲಿ. ಊರಿನ ರಸ್ತೆಗಳನ್ನೆಲ್ಲ ಮಾರ್ಗಸೂಚಿ ದರ, ಅಂದರೆ ಎಲ್ಲರ ಬಾಯಲ್ಲಿರುವ ಗೈಡೆನ್ಸ್ ವ್ಯಾಲ್ಯೂ (ರಿಜಿಸ್ಟರ್ ಮಾಡಿಸಲು ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ನೋಡಿಕೊಂಡು ಎ ಯಿಂದ ಎಫ್ ವರೆಗೆ ಆರು ವಲಯ ಮಾಡಿದರು. ಆರ್‌ಸಿಸಿ ಅಥವಾ ಮದ್ರಾಸ್ ತಾರಸಿ ಮನೆಗೆ, ಬಾಡಿಗೆಗೆ ಕೊಟ್ಟಿದ್ದರೆ, ಎ ವಲಯದಲ್ಲಿ ಚದರಡಿಗೆ 5 ರೂಪಾಯಿ, ಎಫ್ ವಲಯದಲ್ಲಿ 2 ರೂಪಾಯಿ. ನೀವೇ ವಾಸವಿದ್ದರೆ ಅದರ ಅರ್ಧ. ನೆಲ ಸಿಮೆಂಟಿನದೋ ರೆಡ್ ಆಕ್ಸೈಡಿನದೋ ಆದರೆ ಇನ್ನೂ ಕಡಿಮೆ. ಈಗ ರೆಡ್ ಆಕ್ಸೈಡ್ ನೆಲ ಹಾಕಿಸಲು ಗ್ರಾನೈಟ್‌ಗಿಂತ ಜಾಸ್ತಿ ಕೇಳುತ್ತಾರೆ, ಫ್ಯಾಷನ್ ಬಂದಿದೆ, ಅದು ಬೇರೆ ಕಥೆ.

ಒಂದು ಲೆಕ್ಕ ಹಾಕಿಯೇ ಬಿಡೋಣ. ಮೂವತ್ತು ನಲವತ್ತು ಸೈಟು, ಡಿ ವಲಯ. ಕೆಳಗೆ 800 ಚದರಡಿಯಲ್ಲಿ ಮಾಲೀಕರು, ಮೇಲೆ 800 ಚದರಡಿ ಬಾಡಿಗೆಗೆ. 2008ರ ದರ ಹಿಡಿಯುತ್ತೇನೆ, ಸ್ವಂತಕ್ಕೆ 1.60, ಬಾಡಿಗೆಗೆ 3.20. ವರ್ಷಕ್ಕೆ ಹನ್ನೆರಡು ತಿಂಗಳು ಗುಣಿಸುವುದಿಲ್ಲ, ಹತ್ತು ತಿಂಗಳು ಮಾತ್ರ. ಇನ್ನೆರಡು ತಿಂಗಳದ್ದು ಸುಣ್ಣಬಣ್ಣ ರಿಪೇರಿಗೆ ಅಂತ ಬಿಟ್ಟಿದ್ದಾರೆ. ಕೆಳಗಿನದ್ದು 12,800, ಮೇಲಿನದ್ದು 25,600, ಒಟ್ಟು 38,400. ಮನೆ ಹಳೆಯದಾದಷ್ಟೂ ಸವಕಳಿ ಕಳೆಯಬೇಕು, ಸುಲಭಕ್ಕೆ ಶೇ 10 ಅಂದುಕೊಳ್ಳಿ. ಉಳಿಯಿತು 34,560. ಅದರ ಶೇ 20 ತೆರಿಗೆ, 6,912. ಅದರ ಮೇಲೆ ಶೇ 24 ಸೆಸ್. ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಒಟ್ಟು ಸುಮಾರು 8,570 ರೂಪಾಯಿ. (ಗ್ರಂಥಾಲಯಕ್ಕೆ ಅಂತ ಪ್ರತಿ ವರ್ಷ ನಾವೆಲ್ಲ ದುಡ್ಡು ಕೊಡುತ್ತಿದ್ದೇವೆ ಅಂತ ಎಷ್ಟು ಜನರಿಗೆ ಗೊತ್ತು? ನಿಮ್ಮ ಬಡಾವಣೆಯ ಲೈಬ್ರರಿಗೆ ಕೊನೆಯ ಸಲ ಯಾವಾಗ ಹೋಗಿದ್ದಿರಿ?)

ಈ ಲೆಕ್ಕದಲ್ಲಿ ಎರಡು ವಿಷಯ ಗಮನಿಸಿ. ಮೇಲಿನ ಮನೆಗೆ ಈ ಪದ್ಧತಿ ಅಂದುಕೊಂಡಿರುವ ತಿಂಗಳ ಬಾಡಿಗೆ 800 ಗುಣಿಸು 3.20, ಅಂದರೆ 2,560 ರೂಪಾಯಿ. ಬೆಂಗಳೂರಲ್ಲಿ ಈಗ 2,560ಕ್ಕೆ ಪಿಜಿಯಲ್ಲಿ ಒಂದು ಮಂಚವೂ ಸಿಗುವುದಿಲ್ಲ. ಅಂದರೆ ಬಾಡಿಗೆಯ ಹೆಸರು ಹೇಳಿಕೊಂಡು ಹೊರಟ ಪದ್ಧತಿಗೂ ನಿಜವಾದ ಬಾಡಿಗೆಗೂ ಯಾವ ಸಂಬಂಧವೂ ಉಳಿದಿಲ್ಲ. ಇನ್ನೊಂದು, ಮೇಲಿನ ಮನೆಯನ್ನೂ ನಾವೇ ಬಳಸುತ್ತಿದ್ದೇವೆ ಅಂತ ಬರೆದುಬಿಟ್ಟರೆ ಕಂದಾಯ ಸುಮಾರು 5,710ಕ್ಕೆ ಇಳಿಯುತ್ತದೆ. ವರ್ಷಕ್ಕೆ 2,800 ಚಿಲ್ಲರೆ ಉಳಿತಾಯ, ಬರೆಯಬೇಕಾದ್ದು ಒಂದು ಸುಳ್ಳು. ಎಷ್ಟು ಜನ ಬರೆಯದೆ ಇರುತ್ತಾರೆ ಹೇಳಿ. ಇಡೀ ಊರಿನ ಬಾಡಿಗೆ ಮನೆಗಳೆಲ್ಲ ಕಾಗದದ ಮೇಲೆ ಸ್ವಂತ ವಾಸದ ಮನೆಗಳೇ. ಮನೆ ಅಂತ ಬರೆದು ಕೆಳಗೆ ಅಂಗಡಿ ನಡೆಸುವವರನ್ನು ಹಿಡಿಯಲು ಪಾಲಿಕೆಯವರು ವಿದ್ಯುತ್ ಕಂಪನಿ ಬೆಸ್ಕಾಂನಿಂದ ಮೀಟರ್ ಮಾಹಿತಿ ತರಿಸಿ ತಾಳೆ ನೋಡಿದ್ದೂ ಉಂಟು. ವಾಣಿಜ್ಯ ಮೀಟರ್ ಇದ್ದರೆ ಸಿಕ್ಕಿಬೀಳುತ್ತಾರೆ. ಆದರೆ ಬಾಡಿಗೆ ಮನೆಯ ಮೀಟರ್ ನೋಡಿ ಅದು ಬಾಡಿಗೆಯದೋ ಮಗನ ಸಂಸಾರದ್ದೋ ಅಂತ ಹೇಗೆ ಹೇಳುವುದು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ದರಗಳು ಒಂದು ಸಲ ಬರೆದಿಟ್ಟು ಮರೆಯುವುದಕ್ಕೆ ಅಲ್ಲ. ಆಗ ಲಾಗೂ ಇದ್ದ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರಲ್ಲೇ ಅದಕ್ಕೆ ಲೆಕ್ಕ ಇತ್ತು. ಮೂರು ವರ್ಷ ಒಂದು ಬ್ಲಾಕ್. ಬ್ಲಾಕ್ ಮುಗಿದ ಮೇಲೆ ಶೇ 15ಕ್ಕೆ ಕಡಿಮೆ ಇಲ್ಲದಂತೆ, ಶೇ 30ಕ್ಕೆ ಮೀರದಂತೆ ಏರಿಸಬೇಕು. 2008ರಲ್ಲಿ ಶುರುವಾದರೆ 2011ರಲ್ಲಿ ಒಂದು ಸಲ, 2014ರಲ್ಲಿ ಇನ್ನೊಂದು ಸಲ ಏರಬೇಕಿತ್ತು. ಏರಿದ್ದು 2016ರಲ್ಲಿ. ಎಂಟು ವರ್ಷ! ಆ ಎಂಟು ವರ್ಷದಲ್ಲಿ ವೈಟ್‌ಫೀಲ್ಡ್ ಏನಾಯಿತು, ಸರ್ಜಾಪುರ ರಸ್ತೆ ಏನಾಯಿತು, ಮೆಟ್ರೋ ಎಲ್ಲಿಂದ ಎಲ್ಲಿಗೆ ಬಂತು ನೆನಪು ಮಾಡಿಕೊಳ್ಳಿ. ತೆರಿಗೆಯ ಪುಸ್ತಕದಲ್ಲಿ ಮಾತ್ರ ಎಲ್ಲ ರಸ್ತೆಗಳೂ 2008ರಲ್ಲೇ ನಿಂತಿದ್ದವು.

ಯಾಕೆ ತಡ ಅಂದರೆ, ಯಾರಿಗೆ ಬೇಕು ಆ ಕೆಟ್ಟ ಹೆಸರು. ಮುಂದಿನ ವರ್ಷ ಪಾಲಿಕೆ ಚುನಾವಣೆ, ಅದರ ಮುಂದಿನ ವರ್ಷ ಲೋಕಸಭೆ, ಆಮೇಲೆ ವಿಧಾನಸಭೆ. ಕಂದಾಯ ಏರಿಸಿದವರು ಅಂತ ಹಣೆಪಟ್ಟಿ ಹಚ್ಚಿಕೊಂಡು ಯಾವ ಕಾರ್ಪೊರೇಟರ್ ಮನೆ ಮನೆಗೆ ಹೋಗುತ್ತಾರೆ? ಕಾನೂನಿನಲ್ಲಿ 'ಏರಿಸಬೇಕು' ಅಂತಿದ್ದರೂ ಏರಿಸದೆ ಇದ್ದವರಿಗೆ ಏನೂ ಆಗುವುದಿಲ್ಲ. ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಮುಂಬೈ 2010ರಿಂದ ಬಂಡವಾಳ ಮೌಲ್ಯದ, ಅಂದರೆ ಆಸ್ತಿಯ ಬೆಲೆಯ ಮೇಲೆಯೇ ತೆರಿಗೆ ಹಾಕುವ ಪದ್ಧತಿಗೆ ಹೋಯಿತು, ಐದು ವರ್ಷಕ್ಕೊಮ್ಮೆ ಬೆಲೆ ಪರಿಷ್ಕರಿಸಬೇಕು ಅಂತ ಅಲ್ಲಿನ ನಿಯಮ. 2020ರಲ್ಲಿ ಆಗಬೇಕಾದ್ದನ್ನು ಕೋವಿಡ್ ಅಂತ ಮುಂದೆ ಹಾಕಿದರು, ಆಮೇಲೆ ಮತ್ತೆ ಮತ್ತೆ ಮುಂದೆ ಹೋಯಿತು. ಅದರ ನಡುವೆ ಪಾಲಿಕೆ ಚುನಾವಣೆ ಹತ್ತಿರ ಬಂತು ಅನ್ನುವಾಗ 500 ಚದರಡಿ ಒಳಗಿನ ಮನೆಗಳಿಗೆ ತೆರಿಗೆಯೇ ಇಲ್ಲ ಅಂತ ಘೋಷಣೆ.

2016ರ ಏರಿಕೆಯಲ್ಲಿ ದರದ ಜೊತೆಗೆ ವಲಯಗಳೂ ಬದಲಾದವು. ಗೈಡೆನ್ಸ್ ವ್ಯಾಲ್ಯೂ ಏರಿದ ರಸ್ತೆಗಳು ಒಂದು ವಲಯದಿಂದ ಮೇಲಿನ ವಲಯಕ್ಕೆ ಹೋದವು. ಸರಿ, ಹೋಗಲೇಬೇಕು. ಆದರೆ ಬಹಳ ಜನ ಹಳೇ ವಲಯವನ್ನೇ ಹಾಕಿ ಕಟ್ಟುತ್ತಾ ಹೋದರು. ಕೆಲವರಿಗೆ ಗೊತ್ತಿರಲಿಲ್ಲ, ಕೆಲವರಿಗೆ ಗೊತ್ತಿದ್ದೂ ಕಟ್ಟಿದರು. ಆನ್‌ಲೈನ್‌ನಲ್ಲಿ ಕಟ್ಟಿಸಿಕೊಂಡ ವ್ಯವಸ್ಥೆಯೂ ಇದು ತಪ್ಪು ವಲಯ ಅಂತ ತಡೆಯಲಿಲ್ಲ, ರಸೀದಿ ಕೊಟ್ಟಿತು. ನಾಲ್ಕೈದು ವರ್ಷ ಆದ ಮೇಲೆ ಸಾವಿರಾರು ಮಾಲೀಕರಿಗೆ ನೋಟಿಸ್ ಬಂತು. 2016ರಿಂದ ನೀವು ಕಡಿಮೆ ಕಟ್ಟಿದ್ದೀರಿ, ವ್ಯತ್ಯಾಸ ಕಟ್ಟಿ, ದಂಡ ಕಟ್ಟಿ, ಬಡ್ಡಿ ಕಟ್ಟಿ. ಆಗ ನಿಯಮದಲ್ಲಿ ತಪ್ಪು ಘೋಷಣೆಗೆ ವ್ಯತ್ಯಾಸದ ಎರಡು ಪಟ್ಟು ದಂಡ, ಬಾಕಿಗೆ ತಿಂಗಳಿಗೆ ಶೇ 2 ಬಡ್ಡಿ. ವ್ಯತ್ಯಾಸ ಸಾವಿರ ಇದ್ದರೆ ಕೇಳುವುದು ನಾಲ್ಕೈದು ಸಾವಿರ. ಜನ ರೇಗದೆ ಇರುತ್ತಾರಾ?

ನಮ್ಮ ಬೀದಿಯಲ್ಲೂ ಇಂಥ ನೋಟಿಸ್ ಬಂದವರಿದ್ದರು. ಅವರ ಸಿಟ್ಟು ಏರಿಕೆಯ ಮೇಲೆ ಇರಲಿಲ್ಲ. 'ಅಂದೇ ಹೇಳಿದ್ರೆ ಅಂದೇ ಕಟ್ತಿದ್ವಿ' ಅನ್ನುವುದಷ್ಟೇ ಅವರ ಮಾತು. ನನಗೂ ಅದೇ ಸರಿ ಅನಿಸುತ್ತದೆ. ಸ್ವಯಂ ಘೋಷಣೆ ಅಂದರೆ ಅಳತೆ ನನ್ನದು, ಬಳಕೆ ನನ್ನದು, ಅಷ್ಟನ್ನು ನಾನು ಹೇಳುತ್ತೇನೆ. ನನ್ನ ರಸ್ತೆ ಯಾವ ವಲಯ ಅಂತ ತೀರ್ಮಾನಿಸುವುದು ಸರ್ಕಾರ. ಅದನ್ನೂ ನನ್ನಿಂದಲೇ ಬರೆಸಿಕೊಂಡು, ಆಮೇಲೆ ತಪ್ಪು ಬರೆದಿದ್ದೀ ಅಂತ ದಂಡ ಹಾಕುವುದು ಯಾವ ನ್ಯಾಯ? 2024ರಲ್ಲಿ ಕಾನೂನು ತಿದ್ದಿ ದಂಡ ಇಳಿಸಿದರು, ಬಾಕಿ ಇದ್ದವರಿಗೆ ಬಡ್ಡಿ ಮನ್ನಾ ಮಾಡುವ ಒಂದೇ ಸಲದ ಯೋಜನೆ ತಂದು ಆ ವರ್ಷದ ನವೆಂಬರ್ 30ರವರೆಗೆ ಸಮಯ ಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಮೊದಲ ದಿನದಿಂದ ಸರಿಯಾಗಿ ಕಟ್ಟಿದವರು ಇದನ್ನು ನೋಡಿ ಏನು ಅಂದುಕೊಂಡಿರುತ್ತಾರೆ ಅಂತ ಯೋಚಿಸಿದರೆ ನಗು ಬರುತ್ತದೆ.

2024ರ ಶುರುವಿನಲ್ಲಿ ಇನ್ನೊಂದು ಪ್ರಯತ್ನ ಆಯಿತು. ಈ ವಲಯ ಗಿಲಯ ಎಲ್ಲ ಬಿಟ್ಟು ನೇರವಾಗಿ ಗೈಡೆನ್ಸ್ ವ್ಯಾಲ್ಯೂ ಮೇಲೆ ತೆರಿಗೆ ಹಾಕುವ ಕರಡು. ಸ್ವಂತ ವಾಸದ ಮನೆಗೆ ಶೇ 0.1, ಬಾಡಿಗೆ ಮನೆಗೆ ಶೇ 0.2, ವಾಣಿಜ್ಯಕ್ಕೆ ಶೇ 0.5, ಖಾಲಿ ಸೈಟಿಗೆ ಶೇ 0.025. ಏಪ್ರಿಲ್ 1ರಿಂದ ಜಾರಿ ಅಂದರು. ಅದೇ ಹೊತ್ತಿಗೆ ಲೋಕಸಭೆ ಚುನಾವಣೆ. ಗಲಾಟೆ ಶುರುವಾಯಿತು, ಈಗ ಬೇಡ ಅಂತ ಸರ್ಕಾರ ತಡೆಹಿಡಿಯಿತು.

ನನ್ನ ಅಭಿಪ್ರಾಯ ಕೇಳಿದರೆ, ಆ ಕರಡಿನ ದಿಕ್ಕು ಸರಿ ಇತ್ತು. ಇದನ್ನು ಮನೆಯಲ್ಲಿ ಹೇಳಿ ನಮ್ಮ ಮಾವನ ಹತ್ತಿರ ಬೈಸಿಕೊಂಡೆ. ಅವರು ಬ್ಯಾಂಕಿನಿಂದ ನಿವೃತ್ತಿಯಾಗಿ ಬಹಳ ವರ್ಷ ಆಯಿತು. ಎಂಬತ್ತರ ದಶಕದಲ್ಲಿ ತಗೊಂಡ ಸೈಟು, ನಿಧಾನಕ್ಕೆ ಕಟ್ಟಿಸಿದ ಮನೆ.

'ಏನಮ್ಮಾ, ನಾನು ಈ ಮನೆ ಮಾರಲ್ಲ. ಬೆಲೆ ಒಂದು ಕೋಟಿ ಆದ್ರೇನು, ಹತ್ತು ಕೋಟಿ ಆದ್ರೇನು? ನನ್ನ ಪೆನ್ಷನ್ ಅಷ್ಟೇ ತಾನೇ?'

'ಮಾವ, ಬಾಡಿಗೆಯೂ ಬರುತ್ತಲ್ಲಾ.'

'ನಮ್ಮನೆಗೆ ಬರುತ್ತೆ. ಮಲ್ಲೇಶ್ವರದಲ್ಲಿ ಒಬ್ಬರೇ ಇರೋ ನಮ್ಮ ಅಕ್ಕನಿಗೆ ಬರುತ್ತಾ?'

ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಬಸವನಗುಡಿ, ಮಲ್ಲೇಶ್ವರ, ಜಯನಗರದಂಥ ಕಡೆ ಹಳೇ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವುದು, ಮಕ್ಕಳು ಹೊರದೇಶದಲ್ಲಿರುವುದು ಮಾಮೂಲಿ. ಅವರ ಕಾಲ ಕೆಳಗಿನ ಜಾಗಕ್ಕೆ ಕೋಟಿಗಟ್ಟಲೆ ಬೆಲೆ, ಕೈಯಲ್ಲಿ ತಿಂಗಳ ಪೆನ್ಷನ್. ಬೆಲೆ ಏರಿದ್ದು ಅವರು ಏನೋ ಮಾಡಿದ್ದರಿಂದ ಅಲ್ಲ. ಒಂದೂವರೆ ಕೋಟಿ ಗೈಡೆನ್ಸ್ ವ್ಯಾಲ್ಯೂ ಇರುವ ಮನೆಗೆ ಶೇ 0.1 ಅಂದರೆ ವರ್ಷಕ್ಕೆ 15,000. ಇದು ಅವರಿಂದ ಆಗದ ಮಾತೇನಲ್ಲ, ಆದರೆ ಈಗ ಐದಾರು ಸಾವಿರ ಕಟ್ಟುತ್ತಿದ್ದವರಿಗೆ ಒಂದೇ ಏಟಿಗೆ ಇದು ಬಂದರೆ ಹೌಹಾರುವುದು ಸಹಜ. ಅಂಥವರಿಗೆ ವಯಸ್ಸಿನ ಮೇಲೆ ವಿನಾಯಿತಿ ಕೊಡಬಹುದು, ಏರಿಕೆಯನ್ನು ನಾಲ್ಕೈದು ವರ್ಷಕ್ಕೆ ಹಂಚಬಹುದು. ಅವರೊಬ್ಬರ ಕಷ್ಟ ತೋರಿಸಿ ಇಡೀ ಊರಿನ ಬೆಲೆಯನ್ನು ಹಳೇ ಲೆಕ್ಕದಲ್ಲಿ ಹಿಡಿದಿಟ್ಟರೆ ಲಾಭ ಆಗುವುದು ಅವರಿಗಲ್ಲ. ಇಂದಿರಾನಗರದಲ್ಲಿ ನಾಲ್ಕು ಕಟ್ಟಡ ಇಟ್ಟುಕೊಂಡು ಬಾಡಿಗೆ ತಿನ್ನುವವರಿಗೆ.

ಇನ್ನೊಂದು ನನಗೆ ಅರ್ಥವೇ ಆಗದ್ದು ಖಾಲಿ ಸೈಟಿನ ದರ. ಒಂದು ಕೋಟಿಯ ಸೈಟಿಗೆ ಶೇ 0.025 ಅಂದರೆ 2,500 ರೂಪಾಯಿ. ಮನೆ ಕಟ್ಟಿಸಿ ನಾಲ್ಕು ಜನ ಬದುಕುವ ಜಾಗಕ್ಕೆ ಜಾಸ್ತಿ, ಪಾರ್ಥೇನಿಯಂ ಬೆಳೆಸಿ, ಬೀದಿಯವರೆಲ್ಲ ಕಸ ಎಸೆಯುವ ಗುಂಡಿ ಮಾಡಿ, ಬೆಲೆ ಏರಲಿ ಅಂತ ಇಟ್ಟುಕೊಂಡ ಜಾಗಕ್ಕೆ ಕಡಿಮೆ. ನನ್ನ ಕೈಗೆ ಕೊಟ್ಟರೆ ಇದನ್ನು ತಿರುಗಿಸಿಬಿಡುತ್ತೇನೆ. ನಮ್ಮ ಪಕ್ಕದ ಸೈಟಿನಿಂದ ಹಾವು ಬಂದ ದಿನ ಈ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು.

ಗೈಡೆನ್ಸ್ ವ್ಯಾಲ್ಯೂ ಬಗ್ಗೆಯೂ ಒಂದು ಮಾತು, ಯಾಕೆಂದರೆ ಎಲ್ಲದರ ಬುಡ ಅದೇ. ಅದನ್ನು ನಿಗದಿ ಮಾಡುವುದು ಪಾಲಿಕೆ ಅಲ್ಲ, ನೋಂದಣಿ ಮತ್ತು ಮುದ್ರಾಂಕ ಇಲಾಖೆ. ಮುಖ್ಯ ಉದ್ದೇಶ ಸೈಟು ಮನೆ ರಿಜಿಸ್ಟರ್ ಮಾಡಿಸುವಾಗ ಎಷ್ಟಕ್ಕೆ ಕಡಿಮೆ ತೋರಿಸಬಾರದು ಅಂತ ಹೇಳುವುದು. ಮಾರುಕಟ್ಟೆಯಲ್ಲಿ ಒಂದು ರೇಟು, ಗೈಡೆನ್ಸ್‌ನಲ್ಲಿ ಇನ್ನೊಂದು, ಸಾಮಾನ್ಯವಾಗಿ ಬಹಳ ಕಡಿಮೆ. ಅದೂ ಹೊತ್ತಿಗೆ ಸರಿಯಾಗಿ ಬದಲಾಗುವುದಿಲ್ಲ. 2023ರ ಅಕ್ಟೋಬರ್ 1ರಂದು ರಾಜ್ಯದಲ್ಲಿ ಏರಿಸಿದಾಗ ಸುಮಾರು ಐದು ವರ್ಷದ ಬಾಕಿ ಒಟ್ಟಿಗೆ ಬಂತು. ಆ ತಿಂಗಳಿಗೆ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಎಂಥಾ ಸಾಲು! ಒಂದೇ ಅಂಕಿಯಿಂದ ಎರಡು ಕೆಲಸ ಮಾಡಿಸುವಾಗ ಒಂದು ತೊಡಕಿದೆ. ರಿಜಿಸ್ಟ್ರೇಷನ್ ಆದಾಯಕ್ಕೆ ಏರಿಸಿದ್ದು ಪ್ರತಿ ವರ್ಷದ ಕಂದಾಯಕ್ಕೂ ತಟ್ಟುತ್ತದೆ. ಕೊಳ್ಳುವವರು ಒಂದು ಸಲ ಕೊಡುತ್ತಾರೆ, ಇರುವವರು ಪ್ರತಿ ವರ್ಷ ಕೊಡುತ್ತಾರೆ.

ಬೆಂಗಳೂರು ಬಿಟ್ಟು ಹೊರಗೆ ನೋಡಿದರೆ ವಿಷಯ ಬೇರೆ. ನನ್ನ ಅಮ್ಮ ಇರುವುದು ದಾವಣಗೆರೆಯಲ್ಲಿ. ಅಲ್ಲಿ, ಮೈಸೂರು ಹುಬ್ಬಳ್ಳಿಯಲ್ಲಿ, ಸಣ್ಣ ಪುರಸಭೆಗಳಲ್ಲಿ ಕೂಡ ಆಸ್ತಿಯ ಬೆಲೆಯ ಮೇಲೆಯೇ ತೆರಿಗೆ ಹಾಕುವ ಪದ್ಧತಿ ಬಹಳ ವರ್ಷದಿಂದ ಇದೆ. 2020ರಲ್ಲಿ ಕೋವಿಡ್ ಬಂದು ರಾಜ್ಯಗಳಿಗೆ ದುಡ್ಡಿನ ಮುಗ್ಗಟ್ಟಾದಾಗ ಕೇಂದ್ರ ಹೆಚ್ಚು ಸಾಲ ಮಾಡಲು ಬಿಟ್ಟಿತು. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಒಂದು, ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಗೈಡೆನ್ಸ್ ವ್ಯಾಲ್ಯೂಗೆ ಹೊಂದಿಸಬೇಕು ಅನ್ನುವುದು. ಹದಿನೈದನೇ ಹಣಕಾಸು ಆಯೋಗ ಕೂಡ ನಗರಗಳ ಅನುದಾನಕ್ಕೆ ಇಂಥದ್ದೇ ಷರತ್ತು ಇಟ್ಟಿತು. ಅದಕ್ಕೆ ತಕ್ಕಂತೆ ಕರ್ನಾಟಕ ಕಾನೂನು ತಿದ್ದಿತು. 2021ರಿಂದ ಬೆಂಗಳೂರಿನ ಹೊರಗಿನ ಊರುಗಳಲ್ಲಿ ಆಯಾ ವರ್ಷದ ಗೈಡೆನ್ಸ್ ವ್ಯಾಲ್ಯೂ ನೋಡುತ್ತಾರೆ, ಜೊತೆಗೆ ಪ್ರತಿ ವರ್ಷ ಶೇ 3ರಿಂದ 5 ಏರಿಸುತ್ತಾರೆ. ಅಮ್ಮ ಪ್ರತಿ ವರ್ಷ 'ಮತ್ತೆ ನೂರಿನ್ನೂರು ಜಾಸ್ತಿ ಬಂದೈತಿ' ಅನ್ನುತ್ತಾಳೆ, ಕಟ್ಟುತ್ತಾಳೆ, ಮರೆಯುತ್ತಾಳೆ. ನನಗೆ ಬೇಕಾದ್ದು ಇದೇ. ಬಸ್ ಟಿಕೆಟ್ ಎರಡು ರೂಪಾಯಿ ಏರಿದ ಹಾಗೆ ಏರಲಿ. ಎಂಟು ವರ್ಷ ಸುಮ್ನೆ ಇದ್ದು ಒಂದು ದಿನ ಜಗಳಕ್ಕೆ ಬರುವುದು ಬೇಡ.

ಅಮೆರಿಕದಲ್ಲಿರುವ ನಮ್ಮವರ ಹತ್ತಿರ ಮಾತಾಡಿದರೆ ಎರಡು ತುದಿಯ ಉದಾಹರಣೆಗಳು ಸಿಗುತ್ತವೆ. ಚಿಕ್ಕಮ್ಮನ ಮಗ ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಮನೆ ತಗೊಂಡಿದ್ದಾನೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಹಾಗಾಗಿ ಶಾಲೆ, ರಸ್ತೆ, ಪೊಲೀಸು ಎಲ್ಲ ನಡೆಯುವುದರಲ್ಲಿ ಆಸ್ತಿ ತೆರಿಗೆಯ ಪಾಲು ದೊಡ್ಡದು, ನಮ್ಮ ಕಂದಾಯ ಕೇಳಿದರೆ ಅವನು ನಗುತ್ತಾನೆ. ಕೌಂಟಿಗೊಂದು ಮೌಲ್ಯಮಾಪನದ ಕಚೇರಿ, ಜನವರಿ 1ಕ್ಕೆ ಎಷ್ಟಿತ್ತು ಅಂತ ಪ್ರತಿ ವರ್ಷ ಬೆಲೆ ಕಟ್ಟುತ್ತದೆ. ಬೇಸಿಗೆಗೆ ಮುಂಚೆ ನೋಟಿಸ್ ಬರುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಸಾಮಾನ್ಯವಾಗಿ ಮೇ 15ರೊಳಗೆ ತಕರಾರು ಹಾಕಬೇಕು. ಇವನು ಗೋಡೆ ಬಿರುಕಿನ ಫೋಟೋ, ಪಕ್ಕದ ಬೀದಿಯಲ್ಲಿ ಕಡಿಮೆಗೆ ಮಾರಾಟವಾದ ಮನೆಯ ವಿವರ ಎಲ್ಲ ಜೋಡಿಸಿಕೊಂಡು ಹೋಗುತ್ತಾನೆ. ಯುಗಾದಿ ಮುಗಿದ ಮೇಲೆ ಅಲ್ಲಿನ ಕನ್ನಡದವರಿಗೆಲ್ಲ ಇದೇ ಕೆಲಸವಂತೆ. ಸ್ವಂತ ವಾಸದ ಮನೆಗೆ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ ಅಂತ ಒಂದು ತಡೆ ಇದೆ.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಉಲ್ಟಾ. 1978ರಲ್ಲಿ ಅಲ್ಲಿನ ಜನ ಪ್ರೊಪೊಸಿಷನ್ 13 ಅಂತ ಮತ ಹಾಕಿ ಪಾಸು ಮಾಡಿದರು. ಮನೆ ಕೊಂಡ ಬೆಲೆಯೇ ಬುಡ, ಅದರ ಮೇಲೆ ವರ್ಷಕ್ಕೆ ಹೆಚ್ಚೆಂದರೆ ಶೇ 2 ಏರಬಹುದು, ಮೂಲ ದರ ಶೇ 1. ಮನೆ ಮಾರುವ ತನಕ ಹೊಸ ಬೆಲೆ ಕಟ್ಟುವುದಿಲ್ಲ. ಫಲ ಏನೆಂದರೆ, ಸನ್ನಿವೇಲ್‌ನಲ್ಲೋ ಫ್ರೀಮಾಂಟ್‌ನಲ್ಲೋ ಎಂಬತ್ತರ ದಶಕದಲ್ಲಿ ಮನೆ ತಗೊಂಡವರು ಕಟ್ಟುವುದಕ್ಕಿಂತ ಹಲವು ಪಟ್ಟು ತೆರಿಗೆಯನ್ನು ಪಕ್ಕದ ಅಂಥದ್ದೇ ಮನೆಯನ್ನು ಈಗ ಕೊಂಡ ನಮ್ಮ ಹುಡುಗ ಕಟ್ಟುತ್ತಾನೆ. ಒಂದೇ ರಸ್ತೆ, ಒಂದೇ ಕಸದ ಗಾಡಿ, ಒಂದೇ ಶಾಲೆ. ನಮ್ಮಲ್ಲಿ ಸೋಮಾರಿತನದಿಂದ ಆಗುವುದನ್ನು ಅವರು ಕಾನೂನು ಮಾಡಿ ಇಟ್ಟುಕೊಂಡಿದ್ದಾರೆ. ನಮ್ಮ ಮಾವನಿಗೆ ಈ ಪದ್ಧತಿ ಬಹಳ ಹಿಡಿಸಿತು, ಹೇಳಲೇಬಾರದಿತ್ತು.

ಈ ಎರಡರಲ್ಲಿ ನನಗೆ ಟೆಕ್ಸಸ್‌ನ ತಕರಾರಿನ ದಾರಿ ಬೇಕು ಅನಿಸುತ್ತದೆ. ನನ್ನ ಆಸ್ತಿಗೆ ಇಷ್ಟು ಬೆಲೆ ಅಂತ ಒಂದು ಕಾಗದ ಬರಬೇಕು. ಅದನ್ನು ಪ್ರಶ್ನೆ ಮಾಡಲು ಒಂದು ಜಾಗ, ಒಂದು ಗಡುವು, ಕೇಳಿಸಿಕೊಳ್ಳಲು ಪಾಲಿಕೆಯ ನೌಕರರಲ್ಲದ ಮೂವರು ಇರಬೇಕು. ನಮ್ಮಲ್ಲಿ ಗೈಡೆನ್ಸ್ ವ್ಯಾಲ್ಯೂ ಕರಡು ಬಂದಾಗ ಆಕ್ಷೇಪಣೆ ಕರೆಯುತ್ತಾರೆ, ಹೌದು. ಆ ಪ್ರಕಟಣೆ ನೋಡಿ ಆಕ್ಷೇಪಣೆ ಹಾಕಿದವರು ನಿಮ್ಮ ಬೀದಿಯಲ್ಲಿ ಯಾರಾದರೂ ಇದ್ದಾರಾ? ದಿನಪತ್ರಿಕೆಯ ಮೂಲೆಯಲ್ಲಿ ಬರುವ ಜಾಹೀರಾತು ಅದು.

ಈಗ ಊರಿನ ಆಡಳಿತವೇ ಬದಲಾಗಿದೆ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಆಮೇಲೆ ಅದಕ್ಕೆ ಚುನಾವಣೆಯೇ ಆಗಲಿಲ್ಲ, 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಕೆಳಗೆ ಐದು ಪಾಲಿಕೆ ಬಂದವು, ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಮಹದೇವಪುರದ ಐಟಿ ಕಟ್ಟಡಗಳ ಕಂದಾಯ ಇನ್ನು ಪೂರ್ವ ಪಾಲಿಕೆಗೆ. ಹಳೇ ಬಡಾವಣೆ ಜಾಸ್ತಿ ಇರುವ ಪಾಲಿಕೆಗಳಿಗೆ ಅಷ್ಟು ಆದಾಯ ಎಲ್ಲಿಂದ ಬರಬೇಕು? ಒಂದೇ ಊರಲ್ಲಿ ಐದು ಪಾಲಿಕೆ ಐದು ದರ ಇಟ್ಟರೆ ಗಡಿ ರಸ್ತೆಯ ಆಚೆ ಒಂದು ಕಂದಾಯ, ಈಚೆ ಒಂದು ಕಂದಾಯ ಆಗಬಹುದು. ಈ ಚರ್ಚೆ ಇನ್ನೂ ಸರಿಯಾಗಿ ಶುರುವೇ ಆಗಿಲ್ಲ.

ಹೇಳಲು ಮರೆತೆ, 2025ರ ಏಪ್ರಿಲ್‌ನಿಂದ ಕಂದಾಯದ ಜೊತೆ ಕಸದ ಶುಲ್ಕವೂ ಸೇರಿದೆ. ಮನೆಯ ವಿಸ್ತೀರ್ಣದ ಮೇಲೆ ತಿಂಗಳಿಗೆ 10 ರೂಪಾಯಿಯಿಂದ 400ರವರೆಗೆ. 'ಕಂದಾಯ ಏರಿಸಿಲ್ಲ ಅಂತಾರೆ, ಆದ್ರೆ ಜಾಸ್ತಿ ಬಂದಿದೆಯಲ್ಲಾ' ಅಂತ ಕೇಳಿದವರಿಗೆಲ್ಲ ಉತ್ತರ ಇದು. ಬೆಲೆ ಪರಿಷ್ಕರಿಸುವ ಧೈರ್ಯ ಇಲ್ಲದಾಗ ಹೀಗೆ ಪಕ್ಕದ ಬಾಗಿಲಿಂದ ಬರುತ್ತಾರೆ.

ನೀವು ಈ ವರ್ಷ ಕಟ್ಟುವ ಮುಂಚೆ ಎರಡು ಸಣ್ಣ ಕೆಲಸ ಮಾಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನಿಮ್ಮ ರಸ್ತೆಯ ಗೈಡೆನ್ಸ್ ವ್ಯಾಲ್ಯೂ ನೋಡಿಟ್ಟುಕೊಳ್ಳಿ, ಯಾವತ್ತಾದರೂ ಹೊಸ ಪದ್ಧತಿ ಬಂದರೆ ನಿಮ್ಮ ಪಾಲು ಎಷ್ಟು ಅಂತ ಈಗಲೇ ಲೆಕ್ಕ ಸಿಗುತ್ತದೆ. ಆಮೇಲೆ ಹಳೇ ರಸೀದಿಯಲ್ಲಿರುವ ಚದರಡಿಯನ್ನೂ ನಿಮ್ಮ ಇ-ಖಾತಾದಲ್ಲಿರುವ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಚದರಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೇಲೊಂದು ರೂಮು ಎತ್ತಿದ್ದು, ಕಾರು ನಿಲ್ಲಿಸುವ ಜಾಗಕ್ಕೆ ಶಟರ್ ಹಾಕಿಸಿದ್ದು ಎರಡರಲ್ಲೂ ಒಂದೇ ಥರ ಬಂದಿದೆಯಾ ಅಂತ. ವ್ಯತ್ಯಾಸ ಇದ್ದರೆ ನೀವೇ ಸರಿಮಾಡಿ ಕಟ್ಟಿ. ಪೋರ್ಟಲ್ ತಿಂಗಳ ಕೊನೆಯ ವಾರ ನಿಧಾನ ಆಗುತ್ತದೆ, ಬೆಳಗ್ಗೆ ಬೇಗ ಕೂತರೆ ಕೆಲಸ ಮುಗಿಯುತ್ತದೆ.